ಗಂಟೆ ಬಾರಿಸುತ್ತಾ ಬಂದ ಗುರು: ಸಂತ ಫ್ರಾನ್ಸಿಸ್ ಝೇವಿಯರ್

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಬಂದು ಬೆಟ್ಟ ಹತ್ತುವ ನಮ್ಮ ಜನ ಜಪಸರ ಹಿಡಿದು ಕೂತರೆ ಸಾಕು, ಪ್ರಾರ್ಥನೆ ಬಾಯಿಗೆ ತಾನಾಗಿಯೇ ಬರುತ್ತದೆ. ಪುಸ್ತಕ ಬೇಕಾಗಿಲ್ಲ. ಅಜ್ಜಿ ಹೇಳಿಕೊಟ್ಟದ್ದು, ಆ ಅಜ್ಜಿಗೆ ಅವಳ ಅಜ್ಜಿ ಹೇಳಿಕೊಟ್ಟದ್ದು. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಯೇಸುಸಭೆಯ ಗುರುಗಳು 1557ಕ್ಕೆ ಮುಂಚೆಯೇ ದೇವಾಲಯ ಕಟ್ಟಿದ್ದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಮುದಗಲ್ ಅಂದ್ರೆ ಕೋಟೆ, ಮೊಹರಂ ಅಂತ ಎಲ್ಲರಿಗೂ ಗೊತ್ತು. ಇದು ಗೊತ್ತಿದ್ದವರು ಕಡಿಮೆ. ಆ ಗುರುಗಳಿಗೆ ಗೋವೆಯಲ್ಲಿ ದಾರಿ ಮಾಡಿಕೊಟ್ಟವರು ಸಂತ ಫ್ರಾನ್ಸಿಸ್ ಝೇವಿಯರ್. ತಾವು ಮಾತ್ರ ಮುದಗಲ್ಲಿಗೆ ಬಂದವರಲ್ಲ.

1506ರ ಏಪ್ರಿಲ್ 7ರಂದು ಸ್ಪೇನ್ ಗಡಿಯ ನವಾರ್ ರಾಜ್ಯದಲ್ಲಿ, ಝೇವಿಯರ್ ಎಂಬ ಕೋಟೆಮನೆಯಲ್ಲಿ ಅವರು ಹುಟ್ಟಿದರು. ಶ್ರೀಮಂತ ಮನೆತನ. ಆದರೆ ಯುದ್ಧ ಬಂದು ರಾಜ್ಯ ಹೋಯಿತು, ತಂದೆ ತೀರಿಕೊಂಡರು, ಕೋಟೆಯ ಬುರುಜುಗಳನ್ನು ಶತ್ರುಗಳು ಕೆಡವಿದರು. ದೊಡ್ಡ ಹುದ್ದೆಯ ಆಸೆಯಿಂದ 1525ರಲ್ಲಿ ಓದಲು ಪ್ಯಾರಿಸ್ಸಿಗೆ ಹೋದರು. ಅಲ್ಲಿ ಒಂದೇ ಕೋಣೆಯಲ್ಲಿ ಜೊತೆಗಿದ್ದವರು ಇಗ್ನಾಸಿಯವರು. ಮೊದಮೊದಲು ಅವರ ಮಾತು ಇವರಿಗೆ ಹಿಡಿಸಲೇ ಇಲ್ಲ. ಕೊನೆಗೆ 1534ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಹಬ್ಬದ ದಿನ, ಏಳು ಮಂದಿ ಗೆಳೆಯರು ಊರ ಹೊರಗಿನ ಒಂದು ಗುಡ್ಡ ಹತ್ತಿ ಬಡತನ, ಬ್ರಹ್ಮಚರ್ಯದ ವ್ರತ ತೊಟ್ಟರು. ಯೇಸುಸಭೆ ಬೆಳೆದದ್ದು ಅಲ್ಲಿಂದ.

1542ರ ಮೇ 6ರಂದು ಗೋವೆಗೆ ಬಂದರು. ಜಗದ್ಗುರುಗಳ ಪ್ರತಿನಿಧಿಯಾಗಿ ಬಂದವರು ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಉಳಿದುಕೊಂಡರು. ಕೈಯಲ್ಲೊಂದು ಗಂಟೆ ಹಿಡಿದು ಬೀದಿ ಬೀದಿ ತಿರುಗಿ, ಮಕ್ಕಳನ್ನು ಕರೆದುಕೊಂಡು ಹೋಗಿ ಜಪ ಹೇಳಿಕೊಡುತ್ತಿದ್ದರು.

ಅದೇ ವರ್ಷ ತಮಿಳು ಕರಾವಳಿಯ ಪರವ ಮೀನುಗಾರರ ಹತ್ತಿರ ಹೋದರು. ಆ ಜನರಿಗೆ ಕೆಲವು ವರ್ಷಗಳ ಹಿಂದೆಯೇ ಜ್ಞಾನಸ್ನಾನವಾಗಿತ್ತು, ಆದರೆ ಒಂದು ಜಪವೂ ಬರುತ್ತಿರಲಿಲ್ಲ. ಹೇಳಿಕೊಡುವವರೇ ಇರಲಿಲ್ಲ, ಪಾಪ! ಫ್ರಾನ್ಸಿಸರಿಗೋ ತಮಿಳು ಗೊತ್ತಿಲ್ಲ. ಅವರಿಗೆ ಎಲ್ಲ ಭಾಷೆಯೂ ಪವಾಡದಿಂದ ಬರುತ್ತಿತ್ತು ಅಂತ ಹೇಳೋರಿದ್ದಾರೆ. ಅವರ ಪತ್ರಗಳನ್ನು ನೋಡಿದರೆ ಹಾಗನಿಸುವುದಿಲ್ಲ. ಎರಡೂ ಭಾಷೆ ಬಲ್ಲವರನ್ನು ಕೂರಿಸಿಕೊಂಡು ಶಿಲುಬೆಯ ಗುರುತು, ವಿಶ್ವಾಸ ಸಂಗ್ರಹ, ದಶಾಜ್ಞೆಗಳು, ಪರಲೋಕ ಜಪ, ನಮೋ ಮರಿಯಾ ಎಲ್ಲವನ್ನೂ ತಮಿಳಿಗೆ ಮಾಡಿಸಿ, ತಾವೂ ಬಾಯಿಪಾಠ ಮಾಡಿದರು. ಅದರಲ್ಲೂ ಒಂದು ತಪ್ಪು ನುಸುಳಿತ್ತು. ವಿಶ್ವಾಸ ಸಂಗ್ರಹದಲ್ಲಿ ನಂಬುತ್ತೇನೆ ಎನ್ನಬೇಕಾದ ಕಡೆ ವೇಣುಂ, ಅಂದರೆ ಬೇಕು, ಎಂಬ ಮಾತು ಸೇರಿಬಿಟ್ಟಿತ್ತು! ಗೊತ್ತಾದ ಕೂಡಲೇ 1544ರಲ್ಲಿ ಜೊತೆಗಾರರಿಗೆ ಪತ್ರ ಬರೆದು ತಿದ್ದಿಸಿದರು. ದೇವರು ಬೇಕು ಅನ್ನೋದೂ ಒಳ್ಳೆ ಪ್ರಾರ್ಥನೆಯೇ ಅಲ್ವಾ ಅಂತ ನಮಗೆ ಅನಿಸಬಹುದು. ಅವರು ಒಪ್ಪಲಿಲ್ಲ.

ರೋಗಿಗಳಿದ್ದ ಮನೆಗಳಿಂದ ಕರೆ ಬರುತ್ತಲೇ ಇತ್ತು. ಎಲ್ಲ ಕಡೆ ಹೋಗಲು ಅವರೊಬ್ಬರಿಂದ ಆಗಲಿಲ್ಲ. ಜಪ ಕಲಿತ ಮಕ್ಕಳನ್ನೇ ಕಳಿಸಿದರು. ಮಕ್ಕಳು ಹೋಗಿ ಮನೆಯವರನ್ನು, ನೆರೆಹೊರೆಯವರನ್ನು ಕೂಡಿಸಿ ಹಾಸಿಗೆಯ ಸುತ್ತ ನಿಂತು ವಿಶ್ವಾಸ ಸಂಗ್ರಹ ಹೇಳಿಸುತ್ತಿದ್ದರು. ಅವರ ಜಪಸರವನ್ನೇ ಹಿಡಿದು ಹೋಗುತ್ತಿದ್ದರು ಅಂತಲೂ ಹೇಳ್ತಾರೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಜಪ ಕಲಿಸಿದವರೂ ಆ ಮಕ್ಕಳೇ.

ಫ್ರಾನ್ಸಿಸರು ಸ್ವತಃ ಸಂತರ ಭಕ್ತರು. ಮುಂದೆ ಎತ್ತ ಹೋಗಬೇಕೆಂದು ತೋಚದಿದ್ದಾಗ, 1545ರಲ್ಲಿ ಮೈಲಾಪುರಕ್ಕೆ ಯಾತ್ರೆ ಹೋಗಿ ಸಂತ ತೋಮಸರ ಸಮಾಧಿಯ ಬಳಿ ಕೆಲವು ತಿಂಗಳು ಪ್ರಾರ್ಥಿಸಿದರು. ಅಲ್ಲಿಂದ ಎದ್ದವರು ಮಲಕ್ಕಾ, ಮಲುಕು ದ್ವೀಪಗಳಿಗೆ ಹೊರಟರು. ಅವರ ಕೊರಳಲ್ಲೊಂದು ಚಿಕ್ಕ ಕರಡಿಗೆ. ಅದರಲ್ಲಿ ಸಂತ ತೋಮಸರ ಅವಶೇಷದ ಚೂರು, ತಮ್ಮ ವ್ರತದ ಚೀಟಿ, ಮತ್ತು ಗೆಳೆಯರು ಬರೆದ ಪತ್ರಗಳಿಂದ ಕತ್ತರಿಸಿಕೊಂಡ ಅವರ ಸಹಿಗಳು. ಸಾವಿರಾರು ಮೈಲಿ ದೂರದಲ್ಲಿ ಒಬ್ಬಂಟಿ ಮನುಷ್ಯ, ಗೆಳೆಯರ ಹೆಸರನ್ನು ಎದೆಗೆ ಕಟ್ಟಿಕೊಂಡು ತಿರುಗುತ್ತಿದ್ದರು.

1549ರಲ್ಲಿ ಜಪಾನ್ ಮುಟ್ಟಿದರು. ಆಮೇಲೆ ಚೀನಾಕ್ಕೆ ಹೋಗುವ ಹಂಬಲ. ಚೀನಾ ದಡದ ಸಮೀಪದ ಸಾಂಚಿಯನ್ ದ್ವೀಪದಲ್ಲಿ, ಕರೆದೊಯ್ಯುವ ದೋಣಿಗಾಗಿ ಕಾದರು. ದೋಣಿ ಬರಲೇ ಇಲ್ಲ. ಜ್ವರ ಬಂತು. 1552ರ ಡಿಸೆಂಬರ್ 3ರಂದು, 46ನೇ ವಯಸ್ಸಿನಲ್ಲಿ, ಒಂದು ಗುಡಿಸಲಿನಲ್ಲಿ ಪ್ರಾಣ ಬಿಟ್ಟರು. ಪಕ್ಕದಲ್ಲಿದ್ದದ್ದು ಆಂಟನಿ ಎಂಬ ಚೀನೀ ಯುವಕ.

ದೇಹ ಬೇಗ ಕರಗಲೆಂದು ಸುಣ್ಣ ತುಂಬಿ ಹೂಳಿದ್ದರು. ಎರಡೂವರೆ ತಿಂಗಳ ಮೇಲೆ ತೆಗೆದು ನೋಡಿದಾಗ ಕೆಟ್ಟಿರಲಿಲ್ಲ. 1554ರ ಮಾರ್ಚಿನಲ್ಲಿ ಗೋವೆಗೆ ತಂದರು. 1622ರ ಮಾರ್ಚ್ 12ರಂದು ಅವರನ್ನು ಸಂತರೆಂದು ಘೋಷಿಸಲಾಯಿತು. ಗೆಳೆಯ ಇಗ್ನಾಸಿಯವರಿಗೂ ಅಂದೇ. ಮ್ಯಾಡ್ರಿಡ್ಡಿನ ಹೊಲದಾಳು ಇಸಿದೋರರಿಗೂ ಅಂದೇ. ನಮ್ಮ ಭತ್ತದ ಸೀಮೆಯವರು ನೆನಪಿಡಬೇಕಾದ ಹೆಸರು ಅದು.

ಅವರ ಪಾರ್ಥಿವ ಶರೀರ ಹಳೇ ಗೋವೆಯ ಬೊಮ್ ಜೀಸಸ್ ದೇವಾಲಯದಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ದರ್ಶನಕ್ಕಿಡುತ್ತಾರೆ. ಕಳೆದ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಹಬ್ಬ ಪ್ರತಿವರ್ಷ ಡಿಸೆಂಬರ್ 3ಕ್ಕೆ. ಅವರ ಮಧ್ಯಸ್ಥಿಕೆ ಕೋರುವ ಒಂಬತ್ತು ದಿನದ ಜಪವನ್ನು ಮಾರ್ಚ್ 4ರಿಂದ 12ರವರೆಗೂ ಮಾಡುವ ರೂಢಿಯಿದೆ.