ಯಂತ್ರಕ್ಕೆ ಓದು ಕಲಿಸಿದ ಉಪಾಧ್ಯಾಯಿನಿ: ಗ್ರೇಸ್ ಹಾಪರ್

ಕವಿಗಳ ಹಾಗೂ ರಾಷ್ಟ್ರನಾಯಕರ ಜೀವನಚರಿತ್ರೆಗಳು ಕಾಲೇಜಿನ ವಾರ್ಷಿಕ ಸಂಚಿಕೆಗಳಿಗೆ ಹೊಸವಲ್ಲ. ಈ ಸಲ ನಾನು ಆರಿಸಿಕೊಂಡಿರುವುದು ಗಣಕಯಂತ್ರದ ಕ್ಷೇತ್ರಕ್ಕೆ ಸೇರಿದ ಮಹಿಳೆಯೊಬ್ಬರ ಚರಿತ್ರೆಯನ್ನು. ಕಲಾ ವಿಭಾಗದವರಾದ ನಮಗೂ ಆ ವಿಷಯಕ್ಕೂ ಏನು ಸಂಬಂಧವೆಂದು ಸಹಪಾಠಿಗಳು ಕೇಳಬಹುದು. ಗ್ರೇಸ್ ಹಾಪರ್ ಅವರ ಮೊದಲನೆಯ ಪದವಿಯೂ ಬಿ.ಎ. ಎಂಬುದನ್ನು ಅವರು ಗಮನಿಸಬೇಕು.

ಅವರು 1906ನೆಯ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಏಳು ವರ್ಷದ ಹುಡುಗಿಯಾಗಿದ್ದಾಗ ಅಲಾರಂ ಗಡಿಯಾರವೊಂದನ್ನು ಬಿಚ್ಚಿದರು. ಮರಳಿ ಜೋಡಿಸಲು ತಿಳಿಯದೆ ಇನ್ನೊಂದನ್ನು ಬಿಚ್ಚಿ ನೋಡಿದರು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಚ್ಚಿಹೋದವು. ತಾಯಿ ಗದರಿಸಿ ಸುಮ್ಮನಾಗಿಸಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚಬಹುದೆಂದು ಕಟ್ಟುಮಾಡಿದರು. ಮಗನಿಗೆ ದೊರೆಯುವಷ್ಟೇ ವಿದ್ಯೆ ಹೆಣ್ಣುಮಕ್ಕಳಿಗೂ ದೊರೆಯಬೇಕೆಂಬುದು ತಂದೆಯ ಹಟವಾಗಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳಾದ್ದರಿಂದ, ಅಂಥ ತಂದೆಯ ಬೆಲೆಯೇನೆಂಬುದನ್ನು ಬಲ್ಲೆ.

ವಾಸರ್ ಕಾಲೇಜಿನಲ್ಲಿ 1928ರಲ್ಲಿ ಪದವಿ ಪಡೆದು, ಯೇಲ್ ವಿಶ್ವವಿದ್ಯಾನಿಲಯದಿಂದ 1934ರಲ್ಲಿ ಗಣಿತದ ಡಾಕ್ಟರೇಟ್ ಗಳಿಸಿದರು. ಅಷ್ಟರಲ್ಲಿಯೇ ವಾಸರಿನಲ್ಲಿ ಅಧ್ಯಾಪಕಿಯಾಗಿದ್ದರು. ಎರಡನೆಯ ಮಹಾಯುದ್ಧ ಬರದಿದ್ದರೆ ಪ್ರಾಯಶಃ ಅಲ್ಲಿಯೇ ನಿವೃತ್ತರಾಗುತ್ತಿದ್ದರು. 1943ರಲ್ಲಿ ನೌಕಾಪಡೆಗೆ ಸೇರಹೊರಟಾಗ ವಯಸ್ಸು ಹೆಚ್ಚೆಂದೂ ತೂಕ ಕಡಿಮೆಯೆಂದೂ ಆಕ್ಷೇಪಣೆಗಳು ಬಂದವು. ನಿಯಮಕ್ಕಿಂತ ತೂಕ 15 ಪೌಂಡು ಕಡಿಮೆಯಿತ್ತು! ವಿಶೇಷ ಅನುಮತಿ ಪಡೆದು ಸೇರಿದರು. 1944ರಲ್ಲಿ ಹಾರ್ವರ್ಡಿಗೆ, ಹೋವರ್ಡ್ ಐಕನ್ ಅವರು ರೂಪಿಸಿದ್ದ 51 ಅಡಿ ಉದ್ದದ ಮಾರ್ಕ್ 1 ಎಂಬ ಗಣಕಯಂತ್ರದ ಕೆಲಸಕ್ಕೆ ಅವರನ್ನು ಕಳುಹಿಸಲಾಯಿತು.

ಅಂದಿನ ಯಂತ್ರಗಳಿಗೆ ಅಂಕಿಗಳ ಸಂಕೇತವಲ್ಲದೆ ಬೇರೆ ಭಾಷೆ ಗೊತ್ತಿರಲಿಲ್ಲ. ಒಮ್ಮೆ ಸರಿಯಾಗಿ ಬರೆದ ಲೆಕ್ಕದ ತುಣುಕುಗಳನ್ನು ಸಹೋದ್ಯೋಗಿಗಳು ನೋಟುಪುಸ್ತಕಗಳಲ್ಲಿ ಇಟ್ಟುಕೊಂಡು, ಬೇಕಾದಾಗ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲಿನಲ್ಲಿ ತಪ್ಪುಗಳು ನುಸುಳುತ್ತಿದ್ದವು. ಬೇಸರದ ಈ ನಕಲು ಕೆಲಸವನ್ನು ಯಂತ್ರವೇ ಏಕೆ ಮಾಡಬಾರದೆಂಬ ಯೋಚನೆಯೇ ಕಂಪೈಲರಿನ ಬೀಜ. 1949ರಲ್ಲಿ ಅವರು ಯೂನಿವ್ಯಾಕ್ ಯಂತ್ರವನ್ನು ತಯಾರಿಸುತ್ತಿದ್ದ ಎಕರ್ಟ್-ಮಾಕ್ಲಿ ಸಂಸ್ಥೆಯನ್ನು ಸೇರಿದರು. 1952ರ ವೇಳೆಗೆ ಎ-0 ಎಂಬ ಕಂಪೈಲರ್ ಸಿದ್ಧವಾಯಿತು. ಟೇಪಿನ ಮೇಲಿದ್ದ ತುಣುಕುಗಳನ್ನು ಅದು ಕ್ರಮಸಂಖ್ಯೆಯಿಂದ ಹುಡುಕಿ ತಂದು ಜೋಡಿಸುತ್ತಿತ್ತು. ಇದು ಇಂದಿನ ಅರ್ಥದಲ್ಲಿ ಪೂರ್ಣ ಕಂಪೈಲರಲ್ಲವೆಂದು ಬಲ್ಲವರು ಹೇಳುತ್ತಾರೆ, ಅದು ನಿಜವೇ. ಆದರೆ ದಾರಿ ಅಲ್ಲಿಂದಲೇ ಹೊರಟಿತು. ಎ-1, ಎ-2 ಎಂದು ಪರಿಷ್ಕೃತ ಆವೃತ್ತಿಗಳು ಬಂದವು. 1953ರಲ್ಲಿ ಎ-2 ಅನ್ನು ಗಿರಾಕಿಗಳಿಗೆ ಕೊಡುವಾಗ ಅದರ ಒಳಬರಹವನ್ನೂ ಕೊಟ್ಟು, ತಿದ್ದುಪಡಿಗಳಿದ್ದರೆ ಕಳುಹಿಸಿರೆಂದು ಕೇಳಿಕೊಂಡರು.

ಅನಂತರದ ಸಂಗತಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ್ದು. ಸಾಮಾನ್ಯ ಗುಮಾಸ್ತನೂ ತಾನಾಡುವ ಮಾತಿನಲ್ಲಿಯೇ ಯಂತ್ರಕ್ಕೆ ಆಜ್ಞೆ ಬರೆಯುವಂತಾಗಬೇಕೆಂದು ಹಾಪರ್ ಇಂಗ್ಲಿಷ್ ಪದಗಳ ಕ್ರಮವಿಧಿಯನ್ನು ಮೇಲಧಿಕಾರಿಗಳ ಮುಂದಿಟ್ಟರು. ಪದ ಯಾವುದಾದರೂ ಯಂತ್ರಕ್ಕೆ ಒಂದೇ ಎಂದು ತೋರಿಸಲು ಅದನ್ನೇ ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಬರೆದು ನಡೆಯಿಸಿದರು. ಅಮೆರಿಕದ ಯಂತ್ರ ಪರಭಾಷೆ ತಿಳಿಯುವುದುಂಟೇ ಎಂದು ಅಧಿಕಾರಿಗಳು ಕಂಗಾಲಾದರಂತೆ. ಫ್ರೆಂಚಿಗೆ ಸಲ್ಲುವುದು ಕನ್ನಡಕ್ಕೂ ಸಲ್ಲಲೇಬೇಕಷ್ಟೆ. ಕೊನೆಗೆ ಇಂಗ್ಲಿಷಿನದೇ ಉಳಿದು ಫ್ಲೋ-ಮ್ಯಾಟಿಕ್ ಎನ್ನಿಸಿಕೊಂಡಿತು. 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಗೆ ಮುಖ್ಯ ಆಧಾರ ಅದೇ. ಕೋಬಾಲನ್ನು ರಚಿಸಿದ್ದು ಒಂದು ಸಮಿತಿ; ಹಾಪರ್ ಸಲಹೆಗಾರರಾಗಿದ್ದರು.

1960ರ ಡಿಸೆಂಬರಿನಲ್ಲಿ ಬಹುಮಟ್ಟಿಗೆ ಒಂದೇ ಆಗಿದ್ದ ಕೋಬಾಲ್ ಕ್ರಮವಿಧಿ ಬೇರೆ ಬೇರೆ ಸಂಸ್ಥೆಗಳ ಎರಡು ಯಂತ್ರಗಳಲ್ಲಿ, ಯೂನಿವ್ಯಾಕ್ 2 ಮತ್ತು ಆರ್‌ಸಿಎ 501ರಲ್ಲಿ, ನಡೆಯಿತು. ಆದರೆ ಕ್ರಮೇಣ ಪ್ರತಿಯೊಬ್ಬ ತಯಾರಕನೂ ತನ್ನ ಕಂಪೈಲರಿಗೆ ತನ್ನದೇ ಸೊಗಡು ಬೆರೆಸಿದ. ಊರಿಗೊಂದು ಸೇರು, ಊರಿಗೊಂದು ಬಳ್ಳ ಎಂಬಂತಾಯಿತು. 1966ರ ಕೊನೆಗೆ ನೌಕಾಪಡೆಯಿಂದ ನಿವೃತ್ತರಾಗಿದ್ದ ಹಾಪರ್ ಅವರನ್ನು 1967ರಲ್ಲಿ ಆರು ತಿಂಗಳ ಮಟ್ಟಿಗೆಂದು ಮರಳಿ ಕರೆದದ್ದು ಈ ಗೊಂದಲವನ್ನು ಬಿಡಿಸಲೆಂದೇ. ಆ ಆರು ತಿಂಗಳು ಮುಗಿಯಲು ಹತ್ತೊಂಬತ್ತು ವರ್ಷ ಹಿಡಿಯಿತು! ಅವರ ತಂಡ ಪರೀಕ್ಷಾ ಕ್ರಮವಿಧಿಗಳ ಕಂತೆಯೊಂದನ್ನು ಸಿದ್ಧಪಡಿಸಿತು. ಕಂಪೈಲರ್ ಗೊತ್ತಾದ ಪ್ರಮಾಣಕ್ಕೆ ಅನುಸಾರವಾಗಿದೆಯೇ ಎಂದು ಅವು ಒಂದೊಂದು ಅಂಶವನ್ನೂ ಪರೀಕ್ಷಿಸಿ ಉತ್ತೀರ್ಣವೋ ಅನುತ್ತೀರ್ಣವೋ ಹೇಳುತ್ತಿದ್ದವು. ಪರೀಕ್ಷೆ ನಮಗೆ ಮಾತ್ರವಲ್ಲ, ಕಂಪೈಲರಿಗೂ ಉಂಟು.

ಪ್ರಮಾಣವೂ ಒಂದಾಗಿ ಉಳಿಯಲಿಲ್ಲ. ಕೋಬಾಲಿಗೆ 1968, 1974, 1985 ಎಂದು ಹೊಸ ಪ್ರಮಾಣಗಳು ಬಂದವು. ಹಳೆಯದನ್ನು ನಂಬಿ ಬರೆದ ಲೆಕ್ಕ ಹೊಸದರಲ್ಲಿ ಮುಗ್ಗರಿಸಬಹುದು. ಆದ್ದರಿಂದಲೇ ಇಂದಿಗೂ ಒಂದೇ ಯಂತ್ರದಲ್ಲಿ ಒಂದೇ ಭಾಷೆಯ ಹಲವು ಕಂಪೈಲರುಗಳನ್ನು ಇಡುವ ಪದ್ಧತಿಯಿದೆ. ನಮ್ಮ ಕಾಲೇಜಿನ ಗಣಕ ಕೊಠಡಿಯಲ್ಲಿಯೂ ಜಿಸಿಸಿಯ ಎರಡು ಆವೃತ್ತಿಗಳು ಬೇರೆ ಬೇರೆ ಫೋಲ್ಡರುಗಳಲ್ಲಿ ಇರುವುದನ್ನು ಕಂಡಿದ್ದೇನೆ. ಬರಿಯ ಹೆಸರು ಹೇಳಿದರೆ ಒಂದು ಓಗೊಡುತ್ತದೆ. ಹೆಸರಿನೊಂದಿಗೆ ಸಂಖ್ಯೆ ಸೇರಿಸಿದರೆ ಇನ್ನೊಂದು. ಹೊಸದು ಬಂತೆಂದು ಹಳೆಯದನ್ನು ಅಳಿಸಬಾರದೆಂದು ನಮ್ಮ ಅಧ್ಯಾಪಕರು ಕಟ್ಟಪ್ಪಣೆ ಮಾಡಿದ್ದಾರೆ.

ಹಾಪರ್ ಹಳೆಯದಕ್ಕೆ ಅಂಟಿಕೊಂಡವರಲ್ಲ. ಹಿಂದುಮುಂದಾಗಿ ತಿರುಗುವ ಗಡಿಯಾರವೊಂದನ್ನು ತಮ್ಮ ಕಚೇರಿಯಲ್ಲಿ ತೂಗುಹಾಕಿ, ರೂಢಿಯೊಂದೇ ದಾರಿಯಲ್ಲವೆಂದು ಬಂದವರಿಗೆ ತೋರಿಸುತ್ತಿದ್ದರು. ಉಪನ್ಯಾಸಗಳಲ್ಲಿ ಸುಮಾರು ಒಂದು ಅಡಿ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ವಿದ್ಯುತ್ ಸಂಕೇತ ಕ್ರಮಿಸಬಲ್ಲ ದೂರ ಹೆಚ್ಚೆಂದರೆ ಅಷ್ಟೇ. ಪಾಠ ಹೇಳುವ ಕಲೆ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

1986ರ ಆಗಸ್ಟಿನಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದರು. ಅನಂತರವೂ ಡಿಜಿಟಲ್ ಈಕ್ವಿಪ್‌ಮೆಂಟ್ ಸಂಸ್ಥೆಗೆ ಸಲಹೆಗಾರರಾಗಿದ್ದು, 1992ರ ಜನವರಿ 1ರಂದು ದಿವಂಗತರಾದರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಒಂದು ಕಾಲಕ್ಕೆ ತೂಕ ಸಾಲದೆಂದು ಆಕ್ಷೇಪಿಸಿದ್ದ ನೌಕಾಪಡೆಯ ಯುದ್ಧನೌಕೆಯೊಂದಕ್ಕೆ ಅವರ ಹೆಸರನ್ನು ಇಡಲಾಗಿದೆ.