ಬಾಟಲಿ ಕುದಿಸಿ ಲೋಕಕ್ಕೆ ಉಪಕಾರ ಮಾಡಿದ ನಿಕೋಲಾ ಅಪೇರ್

ಮಳೆಗಾಲ ಹಿಡಿಯುವ ಮೊದಲು ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಮುರುಗಲು ಸಿರಪ್, ಅನಾನಸ್ ಜಾಮ್ ಮಾಡಿ ಬಾಟಲಿಗೆ ತುಂಬಿ ಇಡ್ತಾರೆ. ಅದಕ್ಕೂ ಮೊದಲು ಬಾಟಲಿಯನ್ನು ನೀರಲ್ಲಿ ಕುದಿಸ್ತಾರೆ. ಬಾಟಲಿ ಕುದಿಸಿ ಆಹಾರ ಕಾಪಾಡುವುದನ್ನು ಜಗತ್ತಿಗೆ ಕಲಿಸಿದವನು ಒಬ್ಬ ಅಡುಗೆಯವ ಎಂದರೆ ನಂಬುತ್ತೀರಾ? ಅವನೇ ನಿಕೋಲಾ ಅಪೇರ್.

ಅಪೇರ್ ಹುಟ್ಟಿದ್ದು 1749ರಲ್ಲಿ, ಫ್ರಾನ್ಸ್ ದೇಶದ ಶಾಲೋನ್ ಎಂಬ ಊರಿನಲ್ಲಿ. ತಂದೆ ವಸತಿಗೃಹ ನಡೆಸುತ್ತಿದ್ದ. ಮಗ ಅಡುಗೆ ಕಲಿತು, ಮುಂದೆ ಪ್ಯಾರಿಸ್ಸಿನಲ್ಲಿ ಮಿಠಾಯಿ ಅಂಗಡಿ ಇಟ್ಟ. ಆಗ ಆಹಾರ ಕೆಡದಂತೆ ಇಡಲು ಉಪ್ಪು, ಸಕ್ಕರೆ, ಹೊಗೆ, ಬಿಸಿಲು ಮುಂತಾದವೇ ದಾರಿ. ಅವುಗಳಿಂದ ಪದಾರ್ಥದ ರುಚಿಯೇ ಬದಲಾಗುತ್ತಿತ್ತು.

ಸುಮಾರು 1795ರಿಂದ ಅಪೇರ್ ಪ್ರಯೋಗ ಶುರು ಮಾಡಿದ. ಬಟಾಣಿ, ಹಣ್ಣು, ಹಾಲು, ಮಾಂಸ ಎಲ್ಲವನ್ನೂ ದಪ್ಪ ಗಾಜಿನ ಬಾಟಲಿಗೆ ತುಂಬಿದ. ಬಿರಡೆ ಬಿಗಿದು, ತಂತಿ ಸುತ್ತಿ, ಬಾಟಲಿ ಸಮೇತ ಕುದಿಯುವ ನೀರಿನಲ್ಲಿ ಇಟ್ಟ. ತಿಂಗಳುಗಟ್ಟಲೆ ಇಟ್ಟರೂ ಅದು ಕೆಡಲಿಲ್ಲ! ಫ್ರಾನ್ಸಿನ ನೌಕಾಪಡೆಯೂ ಪರೀಕ್ಷೆ ಮಾಡಿ ಒಪ್ಪಿತು.

1810ರಲ್ಲಿ ಸರಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಆದರೆ ಒಂದು ಷರತ್ತು. ಗುಟ್ಟನ್ನೆಲ್ಲ ಪುಸ್ತಕ ಬರೆದು ಎಲ್ಲರಿಗೂ ತಿಳಿಸಬೇಕು. ಅಪೇರ್ ಒಪ್ಪಿ ಅದೇ ವರ್ಷ ಪುಸ್ತಕ ಪ್ರಕಟಿಸಿದ. ಬಂದ ಹಣವನ್ನು ಮತ್ತೆ ಕೆಲಸಕ್ಕೇ ಹಾಕಿದ. 1814ರ ಯುದ್ಧದಲ್ಲಿ ಅವನ ಕಾರ್ಖಾನೆ ಹಾಳಾಯಿತು. ಆದರೂ ಕೈಬಿಡಲಿಲ್ಲ. ಕೊನೆಗೆ 1841ರಲ್ಲಿ, 91ನೇ ವಯಸ್ಸಿನಲ್ಲಿ, ಬಡವನಾಗಿಯೇ ತೀರಿಕೊಂಡ.

ಆಹಾರ ಯಾಕೆ ಕೆಡುತ್ತದೆ ಎಂಬುದು ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಗೇ ಲುಸ್ಸಾಕ್‌ನಂಥ ದೊಡ್ಡ ವಿಜ್ಞಾನಿಯೇ ಗಾಳಿಯ ಆಮ್ಲಜನಕ ಕಾರಣ ಎಂದುಕೊಂಡಿದ್ದ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಕಾರಣ ಎಂದು ಮುಂದೆ 1860ರ ದಶಕದಲ್ಲಿ ತೋರಿಸಿಕೊಟ್ಟವನು ಲೂಯಿ ಪಾಶ್ಚರ್. ಅಪೇರ್ ಸತ್ತಾಗ ಪಾಶ್ಚರ್‌ಗೆ ಬರೀ 18 ವರ್ಷ!

ಈಗ ನಾವು ತಿಳಿಯಬೇಕಾದ್ದು ಏನು? ಬಾಟಲಿಯನ್ನು ಸೋಪಿನಲ್ಲಿ ತೊಳೆದು, ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ಇಡಬೇಕು. ಮುಳುಗುವಷ್ಟು ತಣ್ಣೀರು ಹಾಕಿ ನಿಧಾನ ಕಾಯಿಸಬೇಕು. ಒಮ್ಮೆಲೇ ಕುದಿನೀರಿಗೆ ಹಾಕಿದರೆ ಗಾಜು ಒಡೀತದೆ. ಕುದಿ ಬಂದ ಮೇಲೆ 10-15 ನಿಮಿಷ ಬಿಟ್ಟು, ಶುಭ್ರ ಬಟ್ಟೆಯ ಮೇಲೆ ಬೋರಲು ಹಾಕಬೇಕು. ಒಳಗೆ ಕೈ, ಒದ್ದೆ ಬಟ್ಟೆ ತಾಗಿಸಬಾರದು. ಇಲ್ಲದಿದ್ದರೆ ಬೂಷ್ಟು ಬರ್ತದೆ.

ಇನ್ನೊಂದು ಎಚ್ಚರಿಕೆ. ಹುಳಿ ಇರುವ ಪದಾರ್ಥಕ್ಕೆ ಮಾತ್ರ ಕುದಿನೀರು ಸಾಕು. ಬಟಾಣಿ, ಬೀನ್ಸ್, ಮಾಂಸದಂಥ ಹುಳಿ ಇಲ್ಲದ್ದನ್ನು ಹೀಗೆ ಬಾಟಲಿಯಲ್ಲಿ ಮುಚ್ಚಿಡಬಾರದು. ಬಾಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಕಣ ಕುದಿನೀರಿಗೂ ಸಾಯುವುದಿಲ್ಲ. ಅದರ ವಿಷ ಪ್ರಾಣವನ್ನೇ ತೆಗೆಯಬಹುದು. ಅದಕ್ಕಾಗಿ ಕಾರ್ಖಾನೆಗಳಲ್ಲಿ ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸ್ತಾರೆ.

ಅಪೇರ್ ಗುಟ್ಟು ಮುಚ್ಚಿಟ್ಟಿದ್ದರೆ ಶ್ರೀಮಂತನಾಗುತ್ತಿದ್ದನೋ ಏನೋ. ಬರೆದು ಹಂಚಿದ್ದರಿಂದ ಆ ವಿದ್ಯೆ ನಮ್ಮ ಮಲೆನಾಡಿನ ಅಡುಗೆಮನೆಯವರೆಗೂ ಬಂತು. ನೀವೂ ಇದನ್ನು ಓದಿ, ಮನೆಯಲ್ಲಿ ಆಯಿಗೆ, ಅಜ್ಜಿಗೆ ಹೇಳಿ.