ಸೀಸದಕಡ್ಡಿಯ ಚಿತ್ರಕಾರ ಆಂಗ್ರ

ಬ್ಯಾಂಕಿನ ಗುಮಾಸ್ತನಿಗೆ ಸೀಸದಕಡ್ಡಿ ಎಂದರೆ ಕೂಡಿದ ಮೊತ್ತಕ್ಕೆ ಗುರುತು ಹಾಕುವ, ತಪ್ಪಿದರೆ ಅಳಿಸುವ ಸಾಧನ. ಅದೇ ಕಡ್ಡಿಯಿಂದ ಮನುಷ್ಯರ ಮುಖಕ್ಕೆ ಜೀವಕಳೆ ತುಂಬಿದ ಕಲಾವಿದನೊಬ್ಬನಿದ್ದನು. ವಿಚಿತ್ರವೆಂದರೆ, ಆ ಕೆಲಸವನ್ನು ಅವನೇ ಕೀಳೆಂದು ತಿಳಿದಿದ್ದನು.

ಜಾನ್ ಒಗೂಸ್ತ್ ದೊಮಿನಿಕ್ ಆಂಗ್ರ 1780ರಲ್ಲಿ ದಕ್ಷಿಣ ಫ್ರಾನ್ಸಿನ ಮೊಂತೋಬಾನ್ ಪಟ್ಟಣದಲ್ಲಿ ಹುಟ್ಟಿದನು. ಕಲಾವಿದನಾದ ತಂದೆ ಮಗನಿಗೆ ಚಿತ್ರದೊಂದಿಗೆ ಪಿಟೀಲನ್ನೂ ಕಲಿಸಿದನು. 1797ರಲ್ಲಿ ಆಂಗ್ರ ಪ್ಯಾರಿಸ್ಸಿಗೆ ಹೋಗಿ ಪ್ರಸಿದ್ಧ ಚಿತ್ರಕಾರ ದಾವೀದನ ಶಿಷ್ಯನಾದನು. 1801ರಲ್ಲಿ ರೋಮಿಗೆ ಹೋಗಿ ಕಲಿಯುವ ಪಾರಿತೋಷಕ ದೊರೆಯಿತಾದರೂ ಸರಕಾರದ ಬೊಕ್ಕಸದಲ್ಲಿ ಹಣವಿಲ್ಲದೆ 1806ರವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಸೀಸದಕಡ್ಡಿಯೂ ಹೊಸ ರೂಪ ತಾಳಿತ್ತು. ಹೆಸರು ಸೀಸದಕಡ್ಡಿಯಾದರೂ ಅದರಲ್ಲಿ ಸೀಸವಿಲ್ಲ, ಇರುವುದು ಗ್ರಾಫೈಟ್. ಯುದ್ಧದಿಂದಾಗಿ ಫ್ರಾನ್ಸಿಗೆ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಾಗ ಕೊಂತೆ ಎಂಬವನು ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಬೆರೆಸಿ, ಸುಟ್ಟು ಕಡ್ಡಿ ಮಾಡಿದನು. 1795ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಮಣ್ಣು ಹೆಚ್ಚಾದರೆ ಕಡ್ಡಿ ಗಡಸು, ಗೆರೆ ತಿಳಿ. ಕಡಮೆಯಾದರೆ ಕಡ್ಡಿ ಮೆದು, ಗೆರೆ ಕಪ್ಪು.

1813ರಲ್ಲಿ ಆಂಗ್ರ ಮದ್‌ಲೆನ್ ಶಾಪೆಲ್ ಎಂಬವಳನ್ನು ಮದುವೆಯಾದನು. ಪತ್ರದ ಮೂಲಕ ಕುದುರಿದ ಸಂಬಂಧವದು. ಆದರೂ ಸುಖದ ದಾಂಪತ್ಯವಾಯಿತು. 1815ರಲ್ಲಿ ನೆಪೋಲಿಯನ್ನನ ಆಳ್ವಿಕೆ ಮುಗಿಯಿತು. ರೋಮಿನಲ್ಲಿ ಚಿತ್ರ ಬರೆಸುತ್ತಿದ್ದ ಫ್ರೆಂಚ್ ಅಧಿಕಾರಿಗಳು ಹೊರಟುಹೋದರು. ಸಂಸಾರ ಸಾಗಬೇಕಲ್ಲ! ಆಂಗ್ರ ಪ್ರವಾಸಿಗಳ ಮುಖಚಿತ್ರ ಬರೆಯತೊಡಗಿದನು.

ನಯವಾದ ಬಿಳಿ ಕಾಗದ, ಚೂಪಾಗಿ ಹೆರೆದ ಕಡ್ಡಿ, ಇಷ್ಟೇ ಅವನ ಬಂಡವಾಳ. ಉಡುಪನ್ನು ಕೆಲವೇ ಗೆರೆಗಳಲ್ಲಿ ಮುಗಿಸುವನು; ಮುಖಕ್ಕೆ ಬಂದಾಗ ಕೈ ನಿಧಾನವಾಗುವುದು. ಕಣ್ಣಿನ ಗುಳಿ, ಮೂಗಿನ ಪಕ್ಕ, ಕೆಳತುಟಿಯ ಅಡಿ, ಇಲ್ಲೆಲ್ಲ ನವುರಾದ ನೆರಳು. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಕಾಗದದ ಬಿಳುಪೇ ಬೆಳಕು. ನೆರಳು ಎಲ್ಲಿ ಮುಗಿದು ಬೆಳಕು ಎಲ್ಲಿ ಮೊದಲಾಯಿತೆಂದು ತಿಳಿಯದು. 1819ರಲ್ಲಿ ಬರೆದ ಪಿಟೀಲುವಾದಕ ಪಗನಿನಿಯ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ.

ಮುಖಚಿತ್ರ ಬರೆಯುವವನ ಮನೆ ಇದೆಯೇ ಎಂದು ಯಾರೋ ಬಾಗಿಲಲ್ಲಿ ಕೇಳಿದಾಗ, ಇಲ್ಲಿರುವವನು ವರ್ಣಚಿತ್ರಕಾರ ಎಂದು ಆಂಗ್ರ ಸಿಡುಕಿದನೆಂದು ಹೇಳುತ್ತಾರೆ. ಇತಿಹಾಸ ಪುರಾಣಗಳ ದೊಡ್ಡ ಚಿತ್ರಗಳಿಂದಲೇ ಕೀರ್ತಿ ಬರಬೇಕೆಂಬುದು ಅವನ ಹಂಬಲ. 1824ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಹಂಬಲ ಈಡೇರಿತು. ಮುಂದೆ ರೋಮಿನ ಫ್ರೆಂಚ್ ಅಕಾಡೆಮಿಗೆ ಅವನೇ ನಿರ್ದೇಶಕನಾದನು. 1867ರಲ್ಲಿ ತೀರಿಕೊಂಡಾಗ ತನ್ನ ಸಾವಿರಾರು ರೇಖಾಚಿತ್ರಗಳನ್ನು ಹುಟ್ಟೂರಿಗೆ ಬಿಟ್ಟುಹೋದನು.

ಇಂದಿಗೂ ಫ್ರೆಂಚರು ಕಸುಬಿನ ಜೊತೆಗಿನ ಹವ್ಯಾಸವನ್ನು ಆಂಗ್ರನ ಪಿಟೀಲು ಎನ್ನುತ್ತಾರೆ. ಅವನ ದೊಡ್ಡ ಚಿತ್ರಗಳನ್ನು ಕಂಡು ಗೌರವಿಸುವವರು ಬಹಳ. ಆದರೆ ಹೊಟ್ಟೆಪಾಡಿಗೆ ಬರೆದ ಆ ಮುಖಗಳ ಮುಂದೆ ಜನ ಪ್ರೀತಿಯಿಂದ ನಿಲ್ಲುತ್ತಾರೆ. ಬೇಸರದಿಂದ ಹಿಡಿದ ಕಡ್ಡಿಯಾದರೂ ಅವನು ಒಂದು ಮುಖಕ್ಕೂ ಮೋಸ ಮಾಡಲಿಲ್ಲ. ದಿನವಿಡೀ ಲೆಕ್ಕ ಬರೆಯುವ ನಮ್ಮಂಥವರಿಗೆ ಇದೊಂದು ಸಮಾಧಾನ.